ಆಗೂದಿಲ್ಲ ಎಂದು ಸಹಿ ಹಾಕಿದವರು

ನಾನು ಡಿಗ್ರಿ ಮುಗಿಸುವುದಿಲ್ಲ ಎಂದವರ ಪಟ್ಟಿ ದೊಡ್ಡದು. ಗದಗಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು ಅಂದಿದ್ದರು. ನಮ್ಮ ಅತ್ತೆ ನೇರವಾಗಿ ಅನ್ನಲಿಲ್ಲ, ಫೋನಿನಲ್ಲಿ "ಕೂಸು ಇನ್ನೂ ಸಣ್ಣದು" ಎಂದು ಏಳು ವರ್ಷ ಅಂದರು. ಅಷ್ಟರಲ್ಲಿ ಕೂಸು ಕಾರು ಕಲಿಯುವ ಪರ್ಮಿಟ್ ತಗೊಂಡಿತ್ತು. ಇಲ್ಲಿ ಅಮೆರಿಕದ ಕಾಲೇಜಿನ ಅಡ್ವೈಸರ್ ಚೆನ್ನಾಗಿ ನಕ್ಕು, ನಿನಗೆ ಬೇರೆ ದಾರಿಗಳೂ ಇವೆ ಎಂದಳು. ಆದರೆ ಅದನ್ನು ಹಳದಿ ಚೀಟಿಯ ಮೇಲೆ ಬರೆದು, ತಾರೀಕು ಹಾಕಿ, ಕೆಳಗೆ ಸಹಿ ಮಾಡಿ ನನ್ನ ಕೈಗೆ ಕೊಟ್ಟವರು ಒಬ್ಬರೇ. ಒಂದೇ ಪದ: "ಆಗೂದಿಲ್ಲ."

ಅವರು ಹೋದ ತಿಂಗಳು ತೀರಿಕೊಂಡರು. ಚಿಕಾಗೊ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ ಸೇತುವೆಗಳನ್ನು ಪರೀಕ್ಷೆ ಮಾಡುವ ಒಂದು ಆಫೀಸಿನಲ್ಲಿ ನನಗೆ ಸೀನಿಯರ್ ಆಗಿದ್ದವರು. ವುಡ್‌ರಿಡ್ಜ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದವರು. ಧಾರವಾಡದ ಮಂದಿ. ಎಲ್ಲರಿಗೂ ಅಂಕಲ್. ಹೆಸರು ಬರೆಯುವುದಿಲ್ಲ. ಬರೆದರೆ, ಡ್ರಾಫ್ಟ್ ಮೊದಲು ನನಗ ಯಾಕ ತೋರಿಸಲಿಲ್ಲ ಎಂದು ಮೇಲಿನಿಂದಲೇ ಕೇಳುವ ಮನುಷ್ಯ.

ಗ್ಲೆಂಡೇಲ್ ಹೈಟ್ಸ್‌ನ ಒಂದು ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಮೈಕು ಹಿಡಿದವರು, "ಜಪಾನಿನಲ್ಲಿ ಸಮುದ್ರದ ಮೇಲೆ ಸೇತುವೆ ಕಟ್ಟಿ ಕನ್ನಡಿಗರ ಕೀರ್ತಿ ಹೆಚ್ಚಿಸಿದ ಮಹನೀಯರು" ಎಂದರು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಜನ ಅರ್ಧ ಕೈ ಎತ್ತಿದರು. ನನ್ನ ಪಕ್ಕ ಕೂತಿದ್ದ ಆಂಟಿ, ಅಂದರೆ ಅವರ ಹೆಂಡತಿ, ಮೂಗು ಒರೆಸಿಕೊಳ್ಳುತ್ತಾ ನನ್ನ ಕಿವಿಗೆ ಬಾಗಿದರು.

"ಕಟ್ಟಬ್ಯಾಡ್ರಿ ಅಂದಾವ್ರವಾ ಇವ್ರು!"

ಇಬ್ಬರಿಗೂ ನಗು ಬಂತು. ಹೆಗಲು ಅಲುಗಿದ್ದನ್ನು ನೋಡಿದವರು ಅಳುತ್ತಿದ್ದಾರೆ ಅಂದುಕೊಂಡರು. ಅಳುವೂ ಇತ್ತು, ಇಲ್ಲ ಅನ್ನುವುದಿಲ್ಲ.

ಅಂಕಲ್ ಯಾರು ಎಂದು ತಿಳಿಯಬೇಕಾದರೆ ನಮ್ಮ ಕಸುಬಿನ ಒಂದು ಪದ್ಧತಿ ತಿಳಿಯಬೇಕು. ಈ ದೇಶದಲ್ಲಿ ಸೇತುವೆಯನ್ನು ಪರೀಕ್ಷೆ ಮಾಡಿದವರು ಅದಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ಒಂಬತ್ತು ಅಂದರೆ ಅತ್ಯುತ್ತಮ. ಏಳು ಚೆನ್ನಾಗಿದೆ. ಆರು ತೃಪ್ತಿಕರ. ಐದು ಪರವಾಗಿಲ್ಲ. ನಾಲ್ಕು ಕಳಪೆ. ಸೊನ್ನೆ ಅಂದರೆ ಸೇತುವೆಯೇ ಇಲ್ಲ, ನೀರು ಮಾತ್ರ. ಬೇರೆ ಎಂಜಿನಿಯರುಗಳು ಈ ಅಂಕಗಳನ್ನು ಆಫೀಸಿನಲ್ಲಿ ಬಿಟ್ಟು ಮನೆಗೆ ಹೋಗುತ್ತಾರೆ. ಅಂಕಲ್ ಜೊತೆಗೇ ಒಯ್ಯುತ್ತಿದ್ದರು. ಯುಗಾದಿ ಊಟದ ಸಾರಿಗೆ ಐದು. ಹೊಸ ಅಳಿಯನಿಗೆ ಐದು, "ಒಂದ ಚಳಿಗಾಲ ಕಳೀಲಿ, ಮತ್ತ ನೋಡೋಣು." ತಮ್ಮ ನಲವತ್ತು ವರ್ಷದ ಸಂಸಾರಕ್ಕೆ ಆರು. ಆಂಟಿ ಇದನ್ನು ಬಂದವರಿಗೆಲ್ಲ ತಾವೇ ಹೇಳುತ್ತಿದ್ದರು: "ತೃಪ್ತಿಕರ ಅಂತ ಸರ್ಟಿಫಿಕೇಟ್ ಕೊಟ್ಟಾರ್ರೀ. ರಿಪೇರಿ ಬ್ಯಾಡಂತ, ಬಣ್ಣ ಹಚ್ಚಿದ್ರ ಸಾಕಂತ."

ಒಂಬತ್ತು ಮಾತ್ರ ಯಾರಿಗೂ ಇಲ್ಲ. ಕೇಳಿದರೆ, "ಒಂಬತ್ತು ಅಂದ್ರ ನಾಳೆ ಉದ್ಘಾಟನೆ ಆಗೂ ಸೇತುವೆಗೆ, ತಂಗಿ. ರಿಬ್ಬನ್ ಕತ್ತರಿಸಿದ್ರೋ, ಎಂಟು" ಎನ್ನುತ್ತಿದ್ದರು.

ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಸುತ್ತಿಗೆ. ವುಡ್‌ರಿಡ್ಜ್‌ನಲ್ಲಿ ಒಬ್ಬರ ಗೃಹಪ್ರವೇಶ. ಒಳಗೆ ಪುರೋಹಿತರು ಹೋಮ ಮಾಡುತ್ತಿದ್ದರೆ ಹಿತ್ತಲಿಂದ ಟಕ್ ಟಕ್ ಸದ್ದು. ಅಂಕಲ್ ಹಿತ್ತಲ ಜಗಲಿಯಂಥ ಮರದ ಡೆಕ್ಕಿನ ಒಂದೊಂದು ಕಂಬ ಬಡಿದು ಕಿವಿಗೊಡುತ್ತಿದ್ದರು. ಊಟದ ಹೊತ್ತಿಗೆ ಯಜಮಾನರ ಕೈಗೆ ಹಳದಿ ಚೀಟಿ: "ಈ ಡೆಕ್ ಐದು ವರ್ಷ ನಿಲ್ಲೂದಿಲ್ಲ." ತಾರೀಕು, ಸಹಿ. ಹದಿನೆಂಟು ವರ್ಷವಾಯಿತು, ಡೆಕ್ ನಿಂತೇ ಇದೆ. ಪ್ರತಿ ದೀಪಾವಳಿಗೆ ಆ ಮನೆಗೆ ಹೋದಾಗ, ಮನೆಯ ಹಿರಿಯರ ಆರೋಗ್ಯ ವಿಚಾರಿಸುವ ಧಾಟಿಯಲ್ಲಿ, "ಇನ್ನೂ ಬಿದ್ದಿಲ್ಲ?" ಎಂದು ಕೇಳುತ್ತಿದ್ದರು.

ಹೀಗೆ ಚಿಕಾಗೊ ಸುತ್ತಲಿನ ಅರ್ಧ ಕನ್ನಡ ಮನೆಗಳ ಫ್ರಿಜ್ ಮೇಲೆ ಅವರ ಚೀಟಿಗಳಿದ್ದವು. ಒಂದು ವರ್ಷ ರಾಜ್ಯೋತ್ಸವಕ್ಕೆ ನಲವತ್ತು ಮಕ್ಕಳನ್ನು ಕೂಡಿಸಿ ಕನ್ನಡ ನಾಟಕ ಮಾಡಿಸುವುದು ಎಂದಾಯಿತು. ಅಂಕಲ್ ಚೀಟಿ ಕೊಟ್ಟರು: "ಆಗೂದಿಲ್ಲ." ನಾಟಕ ಆಯಿತು. ಮಕ್ಕಳು ಇಂಗ್ಲಿಷಿನಲ್ಲಿ ಬರೆದುಕೊಂಡ ಕನ್ನಡ ಒಪ್ಪಿಸಿದರು, ಮಂತ್ರಿಯಾಗಿದ್ದ ಹುಡುಗ ಅತ್ತುಬಿಟ್ಟ, ಸಿಂಹಾಸನದ ಕಾಲು ಮುರಿಯಿತು, ಆದರೆ ಆಯಿತು. ಮುಂದಿನ ಸಾಲಿನಲ್ಲಿ ಕೂತು ನೋಡಿ, ಎರಡು ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡು, ಹೊರಡುವಾಗ ಅಂಕಲ್ ಅಂದದ್ದು ಇಷ್ಟೇ: "ಈ ಸಲ ಆತು."

ಸೋಲನ್ನು ಅವರು ಎಂದೂ ಇದಕ್ಕಿಂತ ಹೆಚ್ಚು ಒಪ್ಪಿಕೊಂಡವರಲ್ಲ.

ನಾನು ಆ ಆಫೀಸಿಗೆ ಸೇರಿದಾಗ ನನ್ನ ಹತ್ತಿರ ಇದ್ದದ್ದು ಗದಗಿನ ಪಾಲಿಟೆಕ್ನಿಕ್ ಡಿಪ್ಲೊಮಾ. ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಕೆಲಸ. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮೂರನೇ ಇಯತ್ತೆ ಓದಿದವನು, ಹೆಗಲ ಮೇಲೆ ಹಾರೆ ಹೊತ್ತು ದಿನಾ ಹಳಿಯ ಗುಂಟ ನಡೆದವನು. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದು ಬೇರೆಯವರ ಮದುವೆ ಕಾರ್ಡಿನಲ್ಲಿ ಹೆಸರಿನ ಮುಂದೆ ಇರುವ ಅಕ್ಷರ. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೇಳಿಕೊಳ್ಳದಿರಲು ಬರುವುದಿಲ್ಲ.

ಆಫೀಸಿನ ಪಕ್ಕ ವಿಮಾನ ನಿಲ್ದಾಣ, ತಲೆಯ ಮೇಲಿಂದಲೇ ವಿಮಾನಗಳು ಇಳಿಯುತ್ತಿದ್ದವು. ಸದ್ದು ಬಂದರೆ ಉಳಿದವರು ದನಿ ಏರಿಸುತ್ತಿದ್ದರು. ಅಂಕಲ್ ಮಾತು ನಿಲ್ಲಿಸಿ ತೋರುಬೆರಳು ಎತ್ತುತ್ತಿದ್ದರು. ವಿಮಾನ ದಾಟಿದ ಮೇಲೆ ಬೆರಳು ಇಳಿಸಿ, ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ನಾನು ಸಂಜೆ ಕ್ಲಾಸಿಗೆ ಸೇರಿದ್ದೀನಿ, ಸಿವಿಲ್ ಎಂಜಿನಿಯರಿಂಗ್ ಡಿಗ್ರಿ ಮಾಡುತ್ತೀನಿ ಎಂದು ಹೇಳಿದಾಗಲೂ ಬೆರಳು ಮೇಲಿತ್ತು. ವಿಮಾನ ಹೋಯಿತು. ಬೆರಳು ಇಳಿಯಿತು. ಆ ಕೈಯಿಂದಲೇ ಹಳದಿ ಚೀಟಿ ಎಳೆದುಕೊಂಡು ಬರೆದರು.

"ಯಾಕ ಅಂಕಲ್?" ಎಂದೆ.

"ಕೆಲಸ, ಮನಿ, ಕೂಸು, ಕಾಲೇಜು. ನಾಕು ಸ್ಪ್ಯಾನಿನ ಸೇತುವೆ, ಹೊರೂದು ಒಂದ ಕಂಬ. ಲೆಕ್ಕ ಕೂಡೂದಿಲ್ಲ."

ಆ ಚೀಟಿಯನ್ನು ನಾನು ಪರ್ಸಿನಲ್ಲಿಟ್ಟುಕೊಂಡೆ. ಪರೀಕ್ಷೆಗೆ ಮುಂಚೆ ತೆಗೆದು ನೋಡುತ್ತಿದ್ದೆ. ಕೆಲವರು ದೇವರ ಪಟ ನೋಡುತ್ತಾರೆ.

ಅವರ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಫೋಟೋ ಇತ್ತು. ನೀಲಿ ಸಮುದ್ರ, ಅದರ ಮೇಲೆ ಮೈಲುಗಟ್ಟಲೆ ಉಕ್ಕಿನ ಸೇತುವೆ. ಮೇಲಿನ ಅಂತಸ್ತಿನಲ್ಲಿ ಕಾರು, ಕೆಳಗಿನ ಅಂತಸ್ತಿನಲ್ಲಿ ರೈಲು. ಆ ತುದಿಯಲ್ಲಿ ಮಣ್ಣು ಸುರಿದು ಮಾಡಿದ ದ್ವೀಪ, ದ್ವೀಪದ ಮೇಲೆ ವಿಮಾನ ನಿಲ್ದಾಣ. ಬಂದವರು, "ಇದು ನಿಮ್ಮದಾ?" ಎಂದು ಕೇಳುತ್ತಿದ್ದರು. ಅಂಕಲ್ ಕನ್ನಡಕ ಸರಿಮಾಡಿಕೊಂಡು, "ಅವಾಗ ನನ್ನ ಅಭಿಪ್ರಾಯ ಕೇಳಿದ್ರು" ಎನ್ನುತ್ತಿದ್ದರು. ಸುಳ್ಳಲ್ಲ. ಅಲ್ಲಿಗೆ ಮಾತು ನಿಲ್ಲಿಸುತ್ತಿದ್ದರು. ಉಳಿದದ್ದನ್ನು ನಮ್ಮ ಜನ ಪೂರ್ತಿ ಮಾಡಿಕೊಂಡರು. ಒಂದು ವರ್ಷ ಶಾಲು ಹೊದಿಸಿದರು. ಇನ್ನೊಂದು ವರ್ಷ ಶಾಲಿನ ಜೊತೆ ಪೇಟ. ಅಷ್ಟಕ್ಕೆಲ್ಲ ಅಂಕಲ್ ಬಾಯಿ ತೆಗೆದದ್ದು ಪೇಟದ ಬಗ್ಗೆ ಮಾತ್ರ: "ಹೊಲಿಗೆ ಸಡಿಲ ಅದ. ನಾಕು."

ಏಳು ವರ್ಷ ಹೀಗೇ ನಡೆಯಿತು. ಅಂಕಲ್ ರಿಟೈರ್ ಆದರು. ಫೋಟೋ ಮನೆಗೆ ಹೋಯಿತು. ಎಂಜಿನಿಯರ್ ಲೈಸೆನ್ಸ್ ಮಾತ್ರ ಬಿಡಲಿಲ್ಲ. ನನ್ನದು ಒಂದೇ ಸೆಮಿಸ್ಟರ್ ಉಳಿಯಿತು. ಅದರಲ್ಲಿ ಒಂದು ಡಿಸೈನ್ ಪ್ರಾಜೆಕ್ಟ್. ಅದನ್ನು ಕಾಲೇಜಿನ ಹೊರಗಿನ, ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಓದಿ ಸಹಿ ಮಾಡಬೇಕು. ಸಹಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ಜನವರಿಯಲ್ಲಿ ಫಾರಮ್ಮಿನಲ್ಲಿ ಯಾರ ಹೆಸರು ಬರೆಯುತ್ತೇವೋ ಅವರೇ ಕೊನೆಯವರೆಗೆ. ಆಫೀಸಿನಲ್ಲಿ ಓದದೆ ಸಹಿ ಹಾಕುವವರು ಮೂವರಿದ್ದರು. ನಾನು ಅಂಕಲ್ ಹೆಸರು ಬರೆದೆ. ಜಂಬ. ಆಗೂದಿಲ್ಲ ಅಂದ ಕೈಯಿಂದಲೇ ಆಯಿತು ಅನ್ನಿಸಬೇಕು ಅನ್ನುವ ಜಂಬ.

ವಿಷಯವನ್ನೂ ಅವರ ಗೋಡೆಯಿಂದಲೇ ಎತ್ತಿದೆ. ಮಿಶಿಗನ್ ಸರೋವರದೊಳಗೆ ಒಂದು ದ್ವೀಪ, ಅಲ್ಲಿ ವಿಮಾನ ನಿಲ್ದಾಣ, ದಡದಿಂದ ಅಲ್ಲಿಗೆ ಕಾರು ಮತ್ತು ರೈಲಿನ ಸೇತುವೆ. ಎಲ್ಲ ಕಾಗದದ ಮೇಲೆ. ಗಾಳಿ, ಅಲೆ, ಮಂಜುಗಡ್ಡೆ, ಮೈನಸ್ ಇಪ್ಪತ್ತು ಫ್ಯಾರನ್‌ಹೀಟ್‌ನಲ್ಲಿ ಉಕ್ಕು ಎಷ್ಟು ಕುಗ್ಗುತ್ತದೆ, ಎಲ್ಲ ಲೆಕ್ಕ ಹಾಕಿದೆ. ಅಪ್ಪನಿಗೆ ಮೇ ತಿಂಗಳ ಪದವಿ ಸಮಾರಂಭಕ್ಕೆ ಟಿಕೆಟ್ ಆಗಿತ್ತು. ಅವನು ಮೊದಲ ಸಲ ವಿಮಾನ ಹತ್ತುವವನಿದ್ದ. ಏಪ್ರಿಲ್‌ನಲ್ಲಿ ನೂರಹತ್ತು ಪುಟದ ರಿಪೋರ್ಟು ಅಂಕಲ್ ಕೈಗಿಟ್ಟೆ.

ಒಂದು ವಾರ ಬಿಟ್ಟು ಕರೆದರು. ಅಡುಗೆಮನೆಯ ಮೇಜಿನ ಮೇಲೆ ರಿಪೋರ್ಟು. ಮೊದಲ ಪುಟದ ಮೂಲೆಯಲ್ಲಿ ಕೆಂಪು ಶಾಯಿಯ ನಾಲ್ಕು.

"ಸಹಿ ಹಾಕೂದಿಲ್ಲ" ಎಂದರು.

"ಲೆಕ್ಕ ತಪ್ಪೈತೇನ್ರಿ?"

"ಲೆಕ್ಕ ತಪ್ಪಿಲ್ಲ. ನಿನ್ನ ರಿಪೋರ್ಟಿನಾಗ ಒಬ್ಬ ಮನಷ್ಯಾ ಇಲ್ಲ."

"ಅಂಕಲ್, ಎರಡ ವಾರ ಉಳಿದಾವ. ನಮ್ಮಪ್ಪ ಬರಾಕತ್ತಾನ."

"ಅದಕ್ಕ ಹೇಳಿದ್ನಿ, ಆಗೂದಿಲ್ಲ ಅಂತ."

ಒಲೆಯ ಹತ್ತಿರ ನಿಂತಿದ್ದ ಆಂಟಿ ಸೌಟು ಹಿಡಿದೇ ತಿರುಗಿದರು. "ಅಲ್ರೀ, ಆ ಹುಡಿಗಿಗೆ ನಿಮ್ಮ ಫೋಟೋದ ಹಿಂಭಾಗ ತೋರಿಸ್ರೀ. ಎಲ್ಲಾರಿಗೂ ಮುಂಭಾಗ ತೋರಿಸಿ ಶಾಲು ಹೊದ್ದಿದ್ದು ಸಾಕು."

ಅಂಕಲ್ ತೋರುಬೆರಳು ಎತ್ತಿದರು. ಆಗ ವಿಮಾನವೇನೂ ಹೋಗುತ್ತಿರಲಿಲ್ಲ. ಎದ್ದು ಹೋಗಿ ಗೋಡೆಯಿಂದ ಫೋಟೋ ತೆಗೆದು ತಂದು, ಮೇಜಿನ ಮೇಲೆ ಬೋರಲು ಹಾಕಿದರು. ಹಿಂದೆ ಹಳೆಯ ಕಾಗದ ಅಂಟಿಸಿತ್ತು. ಇಂಗ್ಲಿಷಿನಲ್ಲಿ ಅವರದೇ ಅಕ್ಷರ: ದ್ವೀಪ ಮುಳುಗುತ್ತಾ ಹೋಗುತ್ತದೆ, ಸೇತುವೆ ಮುಳುಗುವುದಿಲ್ಲ, ನಡುವೆ ರೈಲು ಓಡಿಸುವುದು ಸಾಧ್ಯವಿಲ್ಲ. ತಾರೀಕು. ಸಹಿ.

ಅಂಕಲ್ ಆಗ ಡೆಟ್ರಾಯಿಟ್‌ನ ಒಂದು ಆಫೀಸಿನಲ್ಲಿದ್ದರಂತೆ. ಜಪಾನಿನ ಆ ಸೇತುವೆಯ ಯೋಜನೆಯನ್ನು ಯಾರೋ ಬಂದು ವಿವರಿಸಿದ್ದರು. ಕೇಳಿದ ಎಂಜಿನಿಯರುಗಳೆಲ್ಲ ಒಂದು ಪುಟ ಅಭಿಪ್ರಾಯ ಬರೆಯಬೇಕಿತ್ತು. ಅಂಕಲ್ ಬರೆದದ್ದು ಇದು. ವರ್ಷಗಳ ಮೇಲೆ ಸೇತುವೆ ಉದ್ಘಾಟನೆಯಾದ ದಿನ ಅವರ ಬಾಸ್ ಈ ಫೋಟೋ ಕೊಂಡು, ಹಿಂದೆ ಈ ಪುಟ ಅಂಟಿಸಿ, ಆಫೀಸಿನವರ ಎದುರಿಗೇ ಉಡುಗೊರೆ ಕೊಟ್ಟಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಅಂಕಲ್ ಥ್ಯಾಂಕ್ಸ್ ಹೇಳಿ ಗೋಡೆಗೆ ಹಾಕಿಕೊಂಡರು.

"ದ್ವೀಪದ ಮಣ್ಣು ಕೆಳಗ ಕೂಡತದ ಅಂದಿದ್ದೆ. ಕೂತತು, ಈಗೂ ಕೂಡಲಿಕ್ಕತ್ತದ" ಎಂದರು. "ಆದ್ರೂ ರೈಲು ದಿನಾ ಓಡ್ತದ. ಯಾಕ? ಅದನ್ನ ಬರಿ. ನನಗ ತಿಳೀಲಿಕ್ಕೆ ಹತ್ತು ವರ್ಷ ಹಿಡೀತು, ನಿನಗ ಎರಡು ವಾರ ಅದ."

ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಅಂಕಲ್‌ಗೆ ಬಾಯಿಗೆ ಬಂದದ್ದು ಅಂದೆ, ಕಿಟಕಿ ಏರಿಸಿಕೊಂಡು. ಮರುದಿನ ಆಫೀಸಿಗೆ ಹೋಗುವಾಗ, ಐ-೩೫೫ ಹೆದ್ದಾರಿ ಹತ್ತುವ ಮುಂಚಿನ ಸೇತುವೆಯಲ್ಲಿ ಕಾರು ಎಂದಿನಂತೆ ಎರಡು ಸಲ ಎತ್ತಿ ಹಾಕಿತು: ಸೇತುವೆ ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು. ಆ ಎರಡು ಜಾಗದಲ್ಲಿ ವರ್ಷಗಳಿಂದ ನನ್ನ ಕಾಫಿ ಚೆಲ್ಲುತ್ತಿದೆ. ಅವತ್ತು ಸ್ಕರ್ಟಿನ ಮೇಲೆ ಚೆಲ್ಲಿತು. ಒರೆಸಿಕೊಳ್ಳುತ್ತಾ, ಇಲ್ಲೇ ಯಾಕೆ, ನಡುವೆ ಯಾಕಿಲ್ಲ ಅಂದುಕೊಂಡೆ. ಪಾರ್ಕಿಂಗ್ ಲಾಟಿನಿಂದಲೇ ಗದಗಿಗೆ ಫೋನ್ ಹಚ್ಚಿದೆ.

"ಅಪ್ಪಾ, ನೀ ಗ್ಯಾಂಗಿನಾಗಿದ್ದಾಗ ಸೇತುವಿ ಮ್ಯಾಲ ಏನ್ ಕೆಲಸಾ ಮಾಡತಿದ್ದಿ?"

"ಸೇತುವಿ ಮ್ಯಾಲ ಏನ್ ಇರತೈತಿ ಯವ್ವಾ? ಕೆಲಸೆಲ್ಲಾ ಸೇತುವಿ ಮುಗಿಯೂ ಜಾಗಾದಾಗ."

"ಯಾಕ?"

"ಸೇತುವಿ ಕಲ್ಲಿನ ಮ್ಯಾಲೈತಿ, ಅದು ಕುಂದ್ರೂದಿಲ್ಲ. ಅದಕ್ಕ ಹತ್ತಿದ ಮಣ್ಣ ಕುಂದ್ರತೈತಿ. ಮಳಿ ಆತಂದ್ರ ಹಳಿ ಬೆರಳಷ್ಟು ಇಳೀತೈತಿ. ಜಾಕಿ ಹಚ್ಚಿ ಎತ್ತಬೇಕು, ಕೆಳಗ ಜಲ್ಲಿ ತುರುಕಬೇಕು. ಕಾರಾದ್ರ ಜಿಗದು ಹೊಕ್ಕೈತಿ. ರೈಲು ಜಿಗ್ಯೂದಿಲ್ಲ, ಬೀಳತೈತಿ."

"ಒಮ್ಮೆ ಎತ್ತಿದ್ರ ಸಾಕೇನು?"

"ಮಳಿ ಒಮ್ಮೆ ಆಗಿ ಬಿಡತೈತೇನು? ನಮ್ಮ ಮೇಸ್ತ್ರಿ, ಆತು ನಡೀರಿ ಅಂತಿದ್ದ. ನಾ ಅಂತಿದ್ನಿ, ಈ ಮಳಿಗಾಲ ಆಗಲಿ, ಮತ್ತೊಮ್ಮೆ ನೋಡೂಣು."

"ಎಷ್ಟ ವರ್ಷ ಹಂಗ?"

"ರೈಲು ಓಡೂತನಾ. ಯಾಕವ್ವಾ, ಅಲ್ಲಿ ಯಾರೂ ಎತ್ತೂದಿಲ್ಲೇನು?"

ನನ್ನ ನೂರಹತ್ತು ಪುಟದಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನ್ನ ದ್ವೀಪ ಕಟ್ಟಿದ ದಿನ ಎಲ್ಲಿತ್ತೋ ಅಲ್ಲೇ ನೂರು ವರ್ಷ ನಿಂತಿತ್ತು. ಗ್ಯಾಂಗ್‌ಮನ್ನನ ಮಗಳು ಗ್ಯಾಂಗನ್ನೇ ಬಿಟ್ಟು ಸೇತುವೆ ಬರೆದಿದ್ದೆ. ಮಾಡುವವರಿಲ್ಲದೆ ಕೆಲಸ ತಾನಾಗಿ ಆಗುತ್ತದೆ ಅನ್ನುವ ನಂಬಿಕೆ, ಡಿಗ್ರಿ ಬರುವುದಕ್ಕೆ ಮುಂಚೆಯೇ ನನಗೆ ಬಂದುಬಿಟ್ಟಿತ್ತು.

ಎರಡು ವಾರದಲ್ಲಿ ಇಪ್ಪತ್ತಾರು ಪುಟ ಸೇರಿಸಿದೆ. ಸೇತುವೆ ದ್ವೀಪಕ್ಕೆ ಸೇರುವಲ್ಲಿ ಹಳಿಯನ್ನು ಯಾರು ಅಳೆಯಬೇಕು, ಎಷ್ಟು ಇಳಿದರೆ ಎತ್ತಬೇಕು, ಜಾಕಿ ಇಡಲು ಜಾಗ ಎಲ್ಲಿ, ಮನುಷ್ಯ ಬಗ್ಗಿ ಕೆಲಸ ಮಾಡಲು ಎತ್ತರ ಎಷ್ಟು. ಕೊನೆಯದನ್ನು ಅಪ್ಪನ ಎತ್ತರ ಕೇಳಿ ಬರೆದೆ. ಅಂಕಲ್ ಅಡುಗೆಮನೆಯಲ್ಲಿ ಕೂತು ಇಪ್ಪತ್ತಾರೂ ಪುಟ ನನ್ನೆದುರೇ ಓದಿದರು. ಮೊದಲ ಪುಟದ ಕೆಂಪು ನಾಲ್ಕನ್ನು ಹೊಡೆದು ಹಾಕಿದರು.

"ಈಗ ಮನಷ್ಯಾ ಬಂದ" ಎಂದರು. "ನಾ ಅವಾಗ ಮಣ್ಣಿನ ಲೆಕ್ಕ ಮಾಡಿದ್ನಿ, ಈ ಮನಷ್ಯಾನ ಲೆಕ್ಕ ಮಾಡ್ಲಿಲ್ಲ." ಏಳು ಎಂದು ಬರೆದು ಸಹಿ ಹಾಕಿದರು. ನನಗೆ ತಿಳಿದಂತೆ ಇಡೀ ವುಡ್‌ರಿಡ್ಜ್‌ನಲ್ಲಿ ಅವರಿಂದ ಏಳು ಪಡೆದದ್ದು ಎರಡೇ: ನನ್ನ ರಿಪೋರ್ಟು ಮತ್ತು ಅವರ ಹಿಮ ಎಸೆಯುವ ಯಂತ್ರ, ಸ್ನೋ ಬ್ಲೋವರ್.

ಪದವಿ ಸಮಾರಂಭಕ್ಕೆ ಅಂಕಲ್, ಆಂಟಿ, ನನ್ನ ಗಂಡ, ಮಗಳು, ಅಪ್ಪ, ಎಲ್ಲರೂ ಬಂದರು. ಅಪ್ಪ ಗಾಂಧಿ ಟೋಪಿ ಹಾಕಿದ್ದ. ನನ್ನ ಹೆಸರು ಕೂಗಿದರು, ಹೋದೆ, ಕೈ ಕುಲುಕಿ ನೀಲಿ ಫೋಲ್ಡರ್ ಕೊಟ್ಟರು. ಕೆಳಗೆ ಬಂದ ಮೇಲೆ ಮಗಳು ಬಿಚ್ಚಿ ನೋಡಿ, "ಮಾಮ್, ಇಟ್ಸ್ ಎಂಪ್ಟಿ!" ಎಂದು ಕೂಗಿದಳು. ಒಳಗೆ ಒಂದು ಚೀಟಿ ಮಾತ್ರ: ಸರ್ಟಿಫಿಕೇಟ್ ಆರು ವಾರದೊಳಗೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಎಲ್ಲರಿಗೂ ಹೀಗೇ ಮಾಡುತ್ತಾರೆ. ಏಳು ವರ್ಷ ಓದಿದವಳಿಗೆ ಅದು ಗೊತ್ತಿರಲಿಲ್ಲ.

ಅಂಕಲ್ ಮುಖ ಅರಳಿತು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. "ನೋಡಿದ್ಯಾ! ನಾ ಏನ್ ಹೇಳಿದ್ನಿ?"

ಆ ಆರು ವಾರ ಇಬ್ಬರು ಮುದುಕರೂ ಜೊತೆಯಾಗಿ ತಿರುಗಿದರು. ಅಂಕಲ್ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಸುತ್ತಲಿನ ಸೇತುವೆಗಳನ್ನೆಲ್ಲ ತೋರಿಸಿದರು. ತೋರಿಸಿದರು ಅನ್ನುವುದು ಅಂಕಲ್ ಮಾತು. ಅಪ್ಪ ಪ್ರತಿ ಸೇತುವೆಯ ತುದಿಗೆ ಇಳಿದು ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ನೆಲ ಒತ್ತಿ, "ಕುಂತೈತಿ" ಎನ್ನುವುದು. ಅಂಕಲ್ ಪುಸ್ತಕ ತೆಗೆದು ಬರೆದುಕೊಳ್ಳುವುದು. ಆಂಟಿ ಹೇಳಿದರು: "ನಲವತ್ತು ವರ್ಷದಾಗ ಇವ್ರು ಇನ್ನೊಬ್ಬರ ಮಾತು ಬರಕೊಂಡಿದ್ದು ಇದ ಮೊದಲು."

ಜೂನ್ ಕೊನೆಗೆ ಅಂಚೆಯಲ್ಲಿ ದಪ್ಪ ರಟ್ಟಿನ ಲಕೋಟೆ ಬಂತು. ಅಂಕಲ್‌ಗೆ ಫೋನ್ ಮಾಡಿದೆ, ಎರಡು ಬೀದಿ ನಡೆದೇ ಬಂದರು. ಬಂದವರೇ ಕೈ ಚಾಚಿ, "ಆ ಚೀಟಿ ಎಲ್ಲದ?" ಎಂದರು. ಪರ್ಸಿನಿಂದ ತೆಗೆದುಕೊಟ್ಟೆ. ಅಂಚು ಹರಿದು, ಹಳದಿ ಬಿಳಿಯಾಗಿತ್ತು. "ಆಗೂದಿಲ್ಲ" ಎಂಬುದರ ಕೆಳಗೆ "ಈ ಸಲ ಆತು" ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ ವಾಪಸ್ ಕೊಟ್ಟರು.

ಲಕೋಟೆ ಬಿಚ್ಚಿ ಸರ್ಟಿಫಿಕೇಟನ್ನು ಅಪ್ಪನ ಕೈಗಿಟ್ಟೆ. ಅಪ್ಪ ಧೋತರದ ಚುಂಗಿಗೆ ಕೈ ಒರೆಸಿಕೊಂಡು ತಗೊಂಡ. ಇಂಗ್ಲಿಷ್ ಬರುವುದಿಲ್ಲ, ನನ್ನ ಹೆಸರು ಎಲ್ಲಿದೆ ಎಂದು ತೋರಿಸಿದೆ, ಅದರ ಕೆಳಗೆ ಹೆಬ್ಬೆರಳು ಆಡಿಸಿದ. ತುದಿಗಳನ್ನು ಹಿಡಿದು, ಮಟ್ಟ ಇದೆಯೋ ಎಂದು ನೋಡುವವನ ಹಾಗೆ ಕಣ್ಣಿನ ನೇರಕ್ಕೆ ಎತ್ತಿ ಬಹಳ ಹೊತ್ತು ನೋಡಿದ.

"ಚಲೋ ಆಗೇತಿ ಯವ್ವಾ" ಎಂದ. "ಈ ಮಳಿಗಾಲ ಆಗಲಿ, ಮತ್ತೊಮ್ಮೆ ನೋಡೂಣು."